ಬೈಟು ಕಾಲಂ ಇರುವ ಸಾಫ್ಟ್‌ವೇರ್

ಛಾವಣಿಗಳಿಗೆ ಬಿಸಿಲಿನ ಶಾಖ ತಡೆಯುವ ಹೊದಿಕೆ ಹಾಕುವ ಸಾರಕ್ಕಿಯ ಶೀತಲ ಇನ್ಸುಲೇಷನ್ ವರ್ಕ್ಸ್ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸದ ಹಂಚಿಕೆಯು ಬೈಟು ಕಾಫಿಯ ಆಧಾರದ ಮೇಲೆ ನಡೆದುಬಂದಿತ್ತು. ಮೇಸ್ತ್ರಿ ಯಲ್ಲಯ್ಯ ಮತ್ತು ಮೂವರು ಕೆಲಸಗಾರರು ಬೆಳಿಗ್ಗೆ ಏಳೂವರೆಗೆ ಸಿಗ್ನಲ್ ಪಕ್ಕದ ದರ್ಶಿನಿಯಲ್ಲಿ ಸೇರಿ, ಎರಡು ಕಾಫಿ ತರಿಸಿ, ನಾಲ್ಕು ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದರು. ಒಂದು ಕಾಫಿಯನ್ನು ಹಂಚಿಕೊಂಡ ಇಬ್ಬರು ಆ ದಿನ ಒಂದೇ ಸೈಟಿಗೆ ಹೋಗತಕ್ಕದ್ದು. ಹಿಂದಿನ ದಿನ ಜಗಳವಾಡಿದವರು ತಾವಾಗಿಯೇ ಬೇರೆ ಕಾಫಿಗೆ ಹೋಗುತ್ತಿದ್ದರಿಂದ ಛಾವಣಿಯ ಮೇಲೆ ಹೊಡೆದಾಟ ಇರಲಿಲ್ಲ. ಈ ಪದ್ಧತಿಯಲ್ಲಿ ಒಂದು ದಿನವೂ ಕೆಲಸ ತಪ್ಪಿರಲಿಲ್ಲ. ಆದ್ದರಿಂದ ಅದು ಅವೈಜ್ಞಾನಿಕವೆಂದು ಫೆಬ್ರವರಿಯಲ್ಲಿ ತೀರ್ಮಾನವಾಯಿತು.

ತೀರ್ಮಾನಿಸಿದವರು ಮಾಲೀಕರಾದ ವೆಂಕಟಾಚಲ ಅವರು. ಜೆ.ಪಿ. ನಗರದ ಹೋಟೆಲೊಂದರಲ್ಲಿ ತಿಂಡಿಸಮೇತ ನಡೆದ ವಿಚಾರ ಸಂಕಿರಣಕ್ಕೆ ಹೋಗಿ, ಎರಡು ಸಲ ಖಾರಾಬಾತ್ ಹಾಕಿಸಿಕೊಂಡು ಬಂದಾಗಿನಿಂದ ಅವರ ತಲೆಯಲ್ಲಿ ಸಾಫ್ಟ್‌ವೇರ್ ಕೂತುಬಿಟ್ಟಿತ್ತು. ಯಾವ ಕೆಲಸಕ್ಕೆ ಯಾರು, ಯಾವಾಗ ಹೋಗಬೇಕೆಂಬುದನ್ನು ಇನ್ನು ಅದೇ ಹೇಳಬೇಕು. ಗುಮಾಸ್ತನಾದ ನನ್ನನ್ನು ಆಯ್ಕೆ ಸಮಿತಿಯ ಕಾರ್ಯದರ್ಶಿಯಾಗಿ ನೇಮಿಸಿದರು. ಸಮಿತಿಯಲ್ಲಿ ಇದ್ದವರು ಅವರು ಮತ್ತು ನಾನು. ಬಹುಮತದ ತೊಂದರೆ ಬರಬಾರದೆಂದು ನನಗೆ ಮತ ಕೊಟ್ಟಿರಲಿಲ್ಲ.

ಅದೇ ದಿನ ಅರೆಕೆರೆಯಿಂದ ಪಾರ್ವತಮ್ಮ ಬಂದರು. ಮನೆಯ ತಾರಸಿ ಮೇಲೆ ತಗಡಿನ ಕೋಣೆ ಕಟ್ಟಿಸಿ ಹತ್ತು ಜನ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು.

“ಬಿಸಿಲೇರಿದ್ರೆ ಮಿಷಿನ್ ಮುಟ್ಟಕ್ಕಾಗಲ್ಲ ಸಾರ್. ಹೋದ ವರ್ಷ ಆರು ಜನ ಅರ್ಧಕ್ಕೇ ಬಿಟ್ಟೋದ್ರು. ಈ ಸಲನೂ ಹಂಗೇ ಆದ್ರೆ ಕ್ಲಾಸು ಮುಚ್ಚಬೇಕಾಗುತ್ತೆ,” ಎಂದವರು ತಲೆಯೆತ್ತಿ, “ಇಲ್ಲಿ ಎಷ್ಟು ತಣ್ಣಗಿದೆ!” ಎಂದರು. ನಮ್ಮ ಕಚೇರಿಯ ಛಾವಣಿಯೂ ತಗಡಿನದೇ. ಗಿರಾಕಿಗಳಿಗೆ ನಂಬಿಕೆ ಬರಲೆಂದು ಒಳ್ಳೆಯ ಇನ್ಸುಲೇಷನ್ ಹಾಕಿಸಿದ್ದೇವೆ.

“ನಾಳೆ ಬೆಳಿಗ್ಗೆನೇ ಬಂದ್ಬಿಡ್ತೀವಿ ಬಿಡಕ್ಕ. ಸಂಜೆ ಒಳಗೆ ಮುಗಿಯುತ್ತೆ,” ಎಂದ ಯಲ್ಲಯ್ಯ.

“ಯಾರಯ್ಯಾ ನಿಂಗೆ ಹೇಳಿದ್ದು?” ವೆಂಕಟಾಚಲ ಗದರಿದರು. “ಇನ್ಮೇಲೆ ಸಾಫ್ಟ್‌ವೇರ್ ಹೇಳ್ಬೇಕು.”

ಸಂಜೆ ಗೋಡೆಗೆ ಪ್ರಕಟಣೆ ಅಂಟಿಸಿದೆ: ‘ಸಾಫ್ಟ್‌ವೇರ್ ಆಯ್ಕೆಯಾಗುವವರೆಗೆ ಯಾವ ಕೆಲಸವನ್ನೂ ಹಂಚತಕ್ಕದ್ದಲ್ಲ. ಹಂಚದ ಕೆಲಸವನ್ನು ಮಾಡತಕ್ಕದ್ದಲ್ಲ. ಮಾಡದಿದ್ದುದಕ್ಕೆ ಕಾರಣವನ್ನು ಪ್ರತಿದಿನ ಲಿಖಿತವಾಗಿ ಕೊಡತಕ್ಕದ್ದು.’

ಮಾರ್ಚ್ ಇಡೀ ಹನ್ನೊಂದು ಸಾಫ್ಟ್‌ವೇರ್ ನೋಡಿದೆವು. ಒಂದು ಯಾವುದೋ ಚಳಿದೇಶದ್ದು. ಛಾವಣಿಯ ಮೇಲೆ ಎಷ್ಟು ಇಂಚು ಹಿಮ ಬಿದ್ದಿದೆಯೆಂದು ತುಂಬದೆ ಅದು ಮುಂದಕ್ಕೇ ಹೋಗದು. ಅರೆಕೆರೆಯಲ್ಲಿ ನಾಲ್ಕು ಇಂಚು ಎಂದು ತುಂಬಿದೆವು. ಹಿಮ ಕರಗಿದ ಮೇಲೆ ಆಳುಗಳನ್ನು ಕಳುಹಿಸಿ ಎಂದಿತು. ಕರಗಲೆಂದು ವೆಂಕಟಾಚಲ ಎರಡು ದಿನ ಕಾದರು ಕೂಡ.

ಕೊನೆಗೆ ಬಿ.ಟಿ.ಎಂ. ಬಡಾವಣೆಯಿಂದ ಸುಮೇಧ ಎಂಬ ಮಾರಾಟಗಾರ ಬಂದ. “ನಿಮಗೇನ್ ಬೇಕೋ ಅದನ್ನೇ ಸೇರಿಸಿಕೊಡ್ತೀವಿ ಸಾರ್. ಫುಲ್ ಕಸ್ಟಮೈಸ್.”

ಮೂಲೆಯಲ್ಲಿ ಆ ದಿನದ ಕಾರಣ ಬರೆಯುತ್ತ ಕೂತಿದ್ದ ಯಲ್ಲಯ್ಯ, “ಹಂಗಾದ್ರೆ ಬೈಟು ಕಾಲಂ ಹಾಕಪ್ಪ. ಅದಿಲ್ದೆ ಜೋಡಿ ಗೊತ್ತಾಗಲ್ಲ,” ಎಂದ.

ಸುಮೇಧ ಪರದೆಯೆಲ್ಲ ಹುಡುಕಿದ. ‘ಕೆಲಸ ಮುಗಿದಿದೆ’ ಎಂಬ ಗುಂಡಿಯ ಪಕ್ಕ ಮಾತ್ರ ಜಾಗವಿತ್ತು. ಬೈಟು ಕಾಲಮನ್ನು ಅಲ್ಲಿಗೇ ಜೋಡಿಸಿದ. ಎರಡು ಲೋಟದ ಫೋಟೋ ಹಾಕಿದೊಡನೆ ಗುಂಡಿ ಹಸಿರಾಗುತ್ತಿತ್ತು.

“ಕಾಫಿ ಕುಡಿದ್ರೆ ಕೆಲಸ ಮುಗೀತು ಅಂತಾನಾ?” ಯಲ್ಲಯ್ಯ ಕೇಳಿದ.

“ಸದ್ಯಕ್ಕೆ ಹಂಗೇ ಅಣ್ಣ. ನೆಕ್ಸ್ಟ್ ವರ್ಷನ್‌ನಲ್ಲಿ ಸರಿಹೋಗುತ್ತೆ.”

ವೆಂಕಟಾಚಲ ಅವರಿಗೆ ಆ ಹಸಿರು ತುಂಬ ಹಿಡಿಸಿತು. ಶಿಸ್ತಿನ ದೃಷ್ಟಿಯಿಂದ ಕಾಫಿಯನ್ನು ಫ್ಲಾಸ್ಕಿನಲ್ಲಿ ಕಚೇರಿಗೇ ತಂದು, ತಮ್ಮ ಎದುರೇ ಫೋಟೋ ತೆಗೆಯಬೇಕೆಂದು ಆಜ್ಞೆ ಮಾಡಿದರು.

ಏಪ್ರಿಲ್ ಮೂರರ ಬೆಳಿಗ್ಗೆ ಎಂಟು ಹತ್ತಕ್ಕೆ ಪಾರ್ವತಮ್ಮನವರ ಕೆಲಸ ಮುಗಿಯಿತು. ಮಧ್ಯಾಹ್ನದೊಳಗೆ ಇನ್ನೂ ಎಂಟು ಕೆಲಸ ಮುಗಿದವು. ಯಾರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಸಂಸ್ಥೆಯಲ್ಲಿ ಇಂಥ ವೇಗವನ್ನು ನಾನು ಕಂಡೇ ಇರಲಿಲ್ಲ. ಸುಳ್ಳೇಕೆ, ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಅಷ್ಟೊಂದು ಕಾಫಿ ಕುಡಿದ ಯಲ್ಲಯ್ಯನಿಗೆ ಮಾತ್ರ ಎದೆಯುರಿ.

ಮಾರನೆಯ ದಿನ ಅವನು ಇನ್ಸುಲೇಷನ್ ಸುರುಳಿಗಳನ್ನು ಗೂಡ್ಸ್ ಆಟೋಗೆ ತುಂಬುತ್ತಿದ್ದಾಗ ವೆಂಕಟಾಚಲ ಅಡ್ಡ ಬಂದರು. “ಎಲ್ಲಿಗೆ?”

“ಅರೆಕೆರೆಗೆ ಸಾರ್. ಆ ಅಕ್ಕ ಪಾಪ ಕಾಯ್ತಿರ್ತಾರೆ.”

“ಮುಗಿದಿರೋ ಕೆಲಸಾನ ಮತ್ತೆ ಮಾಡಿದ್ರೆ ಸಾಫ್ಟ್‌ವೇರ್‌ಗೆ ಏನಯ್ಯಾ ಮರ್ಯಾದೆ? ಇಳಿಸು.”

ಸುರುಳಿಗಳು ಇಳಿದವು.

ಪಾರ್ವತಮ್ಮ ನಾಲ್ಕು ಸಲ ಫೋನ್ ಮಾಡಿದರು. ಪ್ರತಿ ಫೋನೂ ದೂರಾಗಿ ದಾಖಲಾಗಿ, ಪ್ರತಿ ದೂರಿಗೂ ಇಬ್ಬರು ಕಾಫಿ ಹಂಚಿಕೊಂಡು, ನಾಲ್ಕೂ ದೂರುಗಳು ತೃಪ್ತಿಕರವಾಗಿ ಬಗೆಹರಿದವು. ಐದನೆಯ ಸಲ ಅವರೇ ಬಂದರು. ಆ ಹೊತ್ತಿಗೆ ಮೂವರು ಕ್ಲಾಸು ಬಿಟ್ಟಿದ್ದರು. ಕೈಯಲ್ಲಿ ಕೆಲಸ ಮುಗಿದಿದೆಯೆಂದು ನಮ್ಮ ಸಾಫ್ಟ್‌ವೇರ್ ಕಳಿಸಿದ್ದ ಪ್ರಮಾಣಪತ್ರವಿತ್ತು.

“ನನ್ನ ಕೆಲಸ ಮುಗಿದಿದೆ ಅಂತೀರಾ?”

“ಗ್ರೀನ್ ಇದೆ ಮೇಡಂ,” ಎಂದರು ವೆಂಕಟಾಚಲ.

“ಇದರಲ್ಲಿ ಗಿರಾಕಿ ವಿಳಾಸ ಅರೆಕೆರೆ ಅಂತಿದೆ. ಕೆಲಸ ಮಾಡಿದ ಜಾಗ ಯಾವುದು ಅಂತಿದೆ, ನೀವೇ ಓದಿ ಸಾರ್.”

ವೆಂಕಟಾಚಲ ಓದಿದರು. ಫೋಟೋ ತೆಗೆದ ಸ್ಥಳವನ್ನು ಸಾಫ್ಟ್‌ವೇರ್ ತಾನಾಗಿಯೇ ಗುರುತಿಸಿ, ‘ಸಾರಕ್ಕಿ, ಶೀತಲ ಕಚೇರಿ, ಒಳಕೋಣೆ’ ಎಂದು ನಮೂದಿಸಿತ್ತು.

“ನನ್ನ ಕ್ಲಾಸಿನ ಕೋಣೆಗೆ ಮಾಡಿದ ಕೆಲಸ ಇಲ್ಲಿದೆ. ಅಂದ್ಮೇಲೆ ನನ್ನ ಕ್ಲಾಸಿನ ಕೋಣೆ ಇದೇ ತಾನೆ?” ಪಾರ್ವತಮ್ಮ ಬಾಗಿಲತ್ತ ತಿರುಗಿ ಕೂಗಿದರು. “ಇಳಿಸ್ರಮ್ಮ!”

ಹೊರಗೆ ಕ್ಲಾಸಿನ ಹೆಂಗಸರ ಜೊತೆ ಟೆಂಪೋದಲ್ಲಿ ಹೊಲಿಗೆ ಮಿಷಿನ್‌ಗಳಿದ್ದವು. ಯಲ್ಲಯ್ಯ ಯಾರೂ ಹೇಳದಿದ್ದರೂ ಓಡಿಹೋಗಿ ಕೈಜೋಡಿಸಿದ.

ವೆಂಕಟಾಚಲ ನನ್ನ ಮುಖ ನೋಡಿದರು. ಪ್ರಮಾಣಪತ್ರ ತಪ್ಪೆಂದರೆ ಅಲ್ಲಿಯವರೆಗಿನ ಎಲ್ಲ ಕೆಲಸಗಳೂ ಕೆಂಪಾಗುತ್ತಿದ್ದವು. ಸಮಿತಿ ತುರ್ತಾಗಿ ಸಭೆ ಸೇರಿ, ಪ್ರಮಾಣಪತ್ರವು ಸರಿಯಾಗಿದೆಯೆಂದೂ ಕಚೇರಿಯೇ ತಪ್ಪು ಜಾಗದಲ್ಲಿದೆಯೆಂದೂ ಸರ್ವಾನುಮತದಿಂದ ಒಪ್ಪಿತು.

ಈಗ ಸಾರಕ್ಕಿಯಲ್ಲಿ ಹೊಲಿಗೆ ಕ್ಲಾಸು ಚೆನ್ನಾಗಿ ನಡೆಯುತ್ತಿದೆ. ಬಿಟ್ಟುಹೋಗಿದ್ದ ಮೂವರೂ ವಾಪಸು ಬಂದಿದ್ದಾರೆ. ಸಂಸ್ಥೆಯ ಕಚೇರಿ ಅರೆಕೆರೆಯ ತಾರಸಿಯ ತಗಡಿನ ಕೋಣೆಗೆ ಬಂದಿದೆ.

ಮೇ ಹತ್ತರ ಮಧ್ಯಾಹ್ನ ಕಾದ ಸ್ಟೇಪ್ಲರ್ ಮುಟ್ಟಿದ ವೆಂಕಟಾಚಲ ಕೈ ಕೊಡವಿಕೊಂಡು, “ಇಲ್ಲಿಗೂ ಒಂದು ಇನ್ಸುಲೇಷನ್ ಹಾಕ್ಸೋಣ, ಎಂಟ್ರಿ ಮಾಡಿ,” ಎಂದರು. ಮಾಡಿದೆ. ಉತ್ತರ ಕೂಡಲೇ ಬಂತು: ‘ಈ ವಿಳಾಸದ ಕೆಲಸ ಯಶಸ್ವಿಯಾಗಿ ಮುಗಿದಿದೆ. ದಯವಿಟ್ಟು ನಿಮ್ಮ ಅನುಭವ ತಿಳಿಸಿ.’

ಅವರು ಬೆವರು ಒರೆಸಿಕೊಂಡು ಐದು ನಕ್ಷತ್ರ ಒತ್ತಿದರು.

“ತಣ್ಣಗಿದೆ, ಅಲ್ವೇನ್ರೀ?”

ನಾನು ಕರವಸ್ತ್ರವನ್ನು ಕಿಟಕಿಯಾಚೆ ಹಿಂಡಿ ಬಂದು, “ಹೌದು ಸಾರ್. ನಾಳೆಯಿಂದ ಸ್ವೆಟರ್ ತರ್ತೀನಿ,” ಎಂದೆ.