ಸರ್ಕಾರದ ಮೇಲೆ ನನ್ನ ಹಂಡೆಯ ದಾವೆ

ನಮ್ಮ ಬೀದಿಯ ಆ ತುದಿಯಲ್ಲಿ ಹೊಸ ರಸ್ತೆ ಹಾಕುತ್ತಿದ್ದ ರೋಡ್ ರೋಲರ್ ಎಷ್ಟು ನಿಧಾನ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ, ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ ತಾಮ್ರದ ಹಂಡೆಯನ್ನು ಹರಿಹರದ ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಬಿಸಿಲಿಗಿಟ್ಟು, ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದೆ. ಅಷ್ಟರಲ್ಲಿ ಅದೆಲ್ಲಿ ಬಂದೀತು?

ಬಂತು!

ಹಂಡೆ ಜೋಳದ ರೊಟ್ಟಿಯಾಗಿತ್ತು. ಮದುವೆಗೆ ಅವ್ವ ಕೊಟ್ಟ ಹಂಡೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅವ್ವ ಭಾನುವಳ್ಳಿಯಿಂದ ಬರುವವಳಿದ್ದಳು. ಇದು ಗೊತ್ತಾದರೆ ನನ್ನನ್ನೂ ರೊಟ್ಟಿ ತಟ್ಟುತ್ತಿದ್ದಳು.

ರೋಲರ್‌ನವನು ಮೇಲಿಂದಲೇ ಅಂದ: "ಅಕ್ಕಾರ, ರಸ್ತೆ ಸರ್ಕಾರದ್ದು, ರೋಲರ್ರೂ ಸರ್ಕಾರದ್ದು. ಏನಿದ್ರೂ ಸರ್ಕಾರನ್ನ ಕೇಳ್ರಿ."

"ಕೇಳ್ತೀನಿ! ಕೋರ್ಟಿನಾಗ ಕೇಳ್ತೀನಿ!"

ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು-ಹನ್ನೆರಡು ವರ್ಷವಾಗಿತ್ತು. ನನಗೆ ಬಂದದ್ದು ಅವತ್ತೇ! ಯಜಮಾನರನ್ನು ಎಳೆದುಕೊಂಡು ವಕೀಲರ ಮನೆಗೆ ಹೋದೆ.

"ಇವತ್ತೇ ದಾವೆ ಹಾಕ್ರಿ."

"ಹಂಗ ಬರಂಗಿಲ್ಲ ತಂಗಿ. ಸರ್ಕಾರದ ಮ್ಯಾಲೆ ಕೇಸು ಅಂದ್ರ ಮೊದ್ಲು ನೋಟೀಸು ಕೊಟ್ಟು ಎರಡು ತಿಂಗಳು ಕಾಯಬೇಕು."

"ರೋಲರ್ರು ನನ್ನ ಹಂಡೆಗೆ ಎರಡು ನಿಮಿಷದ ನೋಟೀಸೂ ಕೊಡಲಿಲ್ಲಲ್ರಿ!"

ಯಜಮಾನರು ಕೆಮ್ಮಿದರು. ಅವರು ಕೆಮ್ಮಿದರೆ 'ಮನೆಗೆ ನಡಿ' ಅಂತ ಅರ್ಥ. ನನಗೆ ಕೇಳಿಸಲಿಲ್ಲ.

"ಆಮ್ಯಾಲೆ ಯಾವ ಕೋರ್ಟ್ರಿ?"

"ಒಂದು ಹಂಡೆ ಅಂದ್ರ ಇಲ್ಲೇ ಮುನ್ಸಿಫ್ ಕೋರ್ಟು. ಕೇಳೋ ಮೊತ್ತ ದೊಡ್ಡದಾದ್ರ ದಾವಣಗೆರಿ ದೊಡ್ಡ ಕೋರ್ಟು."

ದಾವಣಗೆರೆ ಎಂದೊಡನೆ ನನ್ನ ನ್ಯಾಯಪ್ರಜ್ಞೆಗೆ ಬೆಣ್ಣೆದೋಸೆಯ ವಾಸನೆ ಬಡಿಯಿತು. ಕೇಸಿನ ವಾಯಿದೆಗೆ ಹೋದಾಗಲೆಲ್ಲ ಒಂದು ದೋಸೆ!

"ದೊಡ್ಡದು ಮಾಡ್ರಿ!"

"ಮೊತ್ತ ಏರಿದ್ರ ಕೋರ್ಟ್ ಫೀನೂ ಏರ್ತೈತೆ" ಎಂಬ ವಕೀಲರ ಮಾತು ಬೆಣ್ಣೆಯ ಮೇಲೆ ಜಾರಿಹೋಯಿತು. ನೋಟೀಸಿನಲ್ಲಿ ಹಂಡೆ ಮುತ್ತಜ್ಜಿಯ ಕಾಲದ್ದು ಎಂದು ಬರೆಸಿದೆ. ಸ್ನಾನವಿಲ್ಲದೆ ಮನೆಮಂದಿ ಅನುಭವಿಸಿದ ಘೋರ ಮಾನಸಿಕ ವೇದನೆಯನ್ನೂ ಸೇರಿಸಿದೆ.

"ಯಾರಿಗೆ ವೇದನೆ? ಸ್ನಾನ ಇಲ್ದ ನಾ ಆರಾಮ ಅದೀನಿ" ಅಂದರು ಯಜಮಾನರು.

ನೋಟೀಸು ಹೋಯಿತು. ಸರ್ಕಾರ ತುಟಿಪಿಟಕ್ಕೆನ್ನಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ ದೀಪಾವಳಿ ಬಂತು. ಹಂಡೆ ತುಂಬಿ ಪೂಜಿಸುವ ಹಬ್ಬ. ರೊಟ್ಟಿಗೆ ನೀರು ತುಂಬುವುದು ಹೇಗೆ? ನನಗೊಂದು ಮಹಾ ಉಪಾಯ ಹೊಳೆಯಿತು. ರೊಟ್ಟಿಯನ್ನು ಪಾತ್ರೆ ಅಂಗಡಿಯ ಸಾಹೇಬರಿಗೆ ಹಳೇ ತಾಮ್ರದ ಲೆಕ್ಕಕ್ಕೆ ಹಾಕಿ, ಅಂಥದೇ ಹೊಸ ಹಂಡೆ ತಂದೆ. ಕೊರಳಿಗೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿ, ಅವ್ವನೆದುರೇ ಆರತಿ ಎತ್ತಿದೆ. ಅವ್ವನಿಗೆ ಗುರುತೇ ಸಿಗಲಿಲ್ಲ! ಗೆದ್ದೆ!

ಆಗ ಬಾಗಿಲಲ್ಲಿ ಸರ್ಕಾರ ನಿಂತಿತ್ತು. ಎಂಜಿನಿಯರು, ಕೈಯಲ್ಲಿ ಫೈಲು, ಅಳತೆ ಟೇಪು.

"ನಿಮ್ಮ ನೋಟೀಸು ಬಂದೈತ್ರಿ. ಪರಿಹಾರ ಕೊಡಾಕೆ ನೋಡಬೇಕು. ಚಪ್ಪಟಿ ಆದ ಹಂಡೆ ಎಲ್ಲೈತೆ?"

"ಅದನ್ನ ಕೊಟ್ಟು... ಇದನ್ನ ತಂದ್ವಿ."

"ಸಾಕ್ಷಿಗೇ ಎಳ್ಳುನೀರು ಬಿಟ್ರಿ ಅನ್ರಿ!"

ಅವ್ವ ಎದ್ದಳು. "ಯಾವ ಚಪ್ಪಟಿನೇ? ನಾ ಕೊಟ್ಟ ಹಂಡೆ ಎಲ್ಲಿ?"

"ಮುತ್ತಜ್ಜಿದು ಅಂತ ಬರ್ದಾರಲ್ರಿ" ಅಂದ ಎಂಜಿನಿಯರು.

"ಯಾವ ಮುತ್ತಜ್ಜಿ? ಹೋದ ವರ್ಷ ನಾನೇ ಸಂತ್ಯಾಗ ತಂದಿದ್ದೆ!"

ಬಂದವನು ಟೇಪನ್ನು ಸುಮ್ಮನೆ ತಂದಿರಲಿಲ್ಲ. ಹೊರಗೆ ಹೋಗಿ ನಮ್ಮ ಮನೆ ಕಟ್ಟೆ ಅಳೆದ. ಅದು ರಸ್ತೆಯ ಮೇಲೆ ಒಂದು ಮೊಳ ಬಂದಿತ್ತು! ನಾವು ಸರ್ಕಾರಕ್ಕೆ ಎರಡು ತಿಂಗಳ ನೋಟೀಸು ಕೊಟ್ಟಿದ್ದೆವು. ಕಟ್ಟೆ ಒಡೆಯಲು ಸರ್ಕಾರ ನಮಗೆ ಕೊಟ್ಟದ್ದು ಒಂದು ವಾರ!

ದಾವೆಯ ಮಾತು ಬಿಟ್ಟು ಕಟ್ಟೆ ಒಡೆಸಿದ ದಿನ ಯಜಮಾನರು ಕೆಮ್ಮಲಿಲ್ಲ. "ನಡಿ, ದಾವಣಗೆರಿಗೆ ಹೋಗಿ ದೋಸಿ ತಿಂದು ಬರಾನು" ಅಂದರು. ತಿಂದೆ. ದೊಡ್ಡ ಕೋರ್ಟಿನ ಮುಂದೆ ಹಾಯುವಾಗ ಮಾತ್ರ ಮುಖಕ್ಕೆ ಸೆರಗು ಎಳೆದುಕೊಂಡೆ.

ಇದನ್ನೆಲ್ಲ ಈಗ, ಈ ಮುಪ್ಪಿನಲ್ಲಿ, ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಾ ಕೂತಿದ್ದೇನೆ. ಒಲೆಯ ಮೇಲಿನ ಸಾರು ಸೀದುಹೋಯಿತು. ಆ ರೋಲರ್ರೇ ನನ್ನ ಈ ಬೆರಳಿಗಿಂತ ಜೋರಾಗಿ ಓಡುತ್ತಿತ್ತು!