ಆಸ್ಟರಿಗೆ ಅವಸರವಿಲ್ಲ

ನಮ್ಮ ಡೊಂಬಿವಲಿ ಬಿಲ್ಡಿಂಗಿನಾಗ ಸಾವಿನ ಮನಿಯೊಳಗೂ ನಗೋ ಸಂಗತಿ ಒಂದಿಲ್ಲೊಂದು ನಡದೇ ಇರತದ. ನಾ ಹುಡುಕಿಕೊಂಡು ಹೋಗೂದಿಲ್ಲ. ಬಾಗಿಲಾ ತೆಗೆದಿಟ್ಟು ಮೆಂತ್ಯೆ ಸೋಸತಾ ಕೂಡತೀನಿ, ಅಷ್ಟ.

೧. ಪಾಕೀಟು ಆರಿಸಿದ್ದು

ಎದುರು ಮನಿ ಯಜಮಾನರನ್ನ ಠಾಣೆ ಊರಿನ ಡಾಕ್ಟರು, "ದೀಪಾವಳಿ ಕಾಣೂದು ಕಷ್ಟ" ಅಂತ ಮನಿಗೆ ಕಳಿಸಿದರು. ಗಣಪತಿ ಮುಳುಗಿಸಿದ ಮರುದಿನ ಅವರ ಹೆಂಡತಿ ಕಲ್ಯಾಣ ಮಾರ್ಕೆಟಿನಿಂದ ಹೂವಿನ ಬೀಜದ ಪಾಕೀಟು ತಂದು ಹಾಸಿಗಿ ಮ್ಯಾಲೆ ಹರವಿದಳು.

"ಕೊಯ್ದು ನಿಮ್ಮ ತಲಿದಿಂಬಿನ ಹತ್ರ ಇಡತೀನ್ರಿ. ಯಾವುದು ಹಾಕಲಿ?"

"ಎಲ್ಲಾಕಿಂತ ತಡಾ ಅರಳೂದು ಯಾವುದು?"

"ಆಸ್ಟರ್. ಝೀನಿಯಾ ಆದ್ರ ದೀಪಾವಳಿಗೇ ಬಂದುಬಿಡತಾವ."

"ಆಸ್ಟರ್ ಹಾಕು. ನನಗ ಅವಸರಿಲ್ಲ. ನಿನಗೈತೇನು?"

೨. ಟೆರೇಸಿನ ಮ್ಯಾಲಿಂದು

ಆಸ್ಟರ್ ಅವರ ಮಂಚದ ಬಾಜೂಕಿನ ಕಿಟಕಿಗೆ ಬಂತು. ಝೀನಿಯಾ ಬೀಜ ಕದ್ದು ಟೆರೇಸಿನ ಬಣ್ಣದ ಡಬ್ಬಿಗಳಿಗೆ ಹೋತು. ಒಂದಿನ ಆಕಿ ನೀರಿನ ಬಕೆಟ್ಟು ಹಿಡದು ಮೆಟ್ಟಿಲಾ ಹತ್ತುವಾಗ ನಾ ಹಿಡದೆ.

"ಅಂಗಡಿ ಹಾರದಾಗ ಹಳೇ ಹೂ ತುರುಕತಾರ್ರೀ ಅಕ್ಕಾರ. ಇವರಿಗೆ ಬಾಡಿದ್ದು ಸೇರೂದಿಲ್ಲ. ಹೋಗೂ ದಿನಾನರ ತಾಜಾ ಇರಲಿ" ಅಂತ ಸೆರಗಿನಿಂದ ಕಣ್ಣೊರಸಿಕೊಂಡಳು.

ಯಾರಿಗೂ ಹೇಳೂದಿಲ್ಲಂತ ಮಾತು ಕೊಟ್ಟೆ. ಮೂರನೇ ಮಾಳಿಗಿಯಾಕಿಗೆ ಮಾತ್ರ ಹೇಳಿದೆ. ಸಂಜಿಕ ಸುದ್ದಿ ವಾಚ್‌ಮನ್ ತನಕಾ ಇಳದು, ತಿರುಗಿ ಆ ಹಾಸಿಗಿಗೇ ಬಂದು ಮುಟ್ಟಿತು. ಅವರು ಹೆಂಡತೀನ ಕರದರು. ನಾ ಬಾಗಿಲ ಸಂದ್ಯಾಗ ಕಿವಿ ಇಟ್ಟೆ.

"ಝೀನಿಯಾ ಗೇಣುದ್ದ ಆತೇನು?"

"...ಹೂಂ."

"ತುದಿ ಚಿವುಟು. ಟೊಂಗಿ ಒಡದು ಹೂ ಹೆಚ್ಚು ಬರತಾವ. ಬರೂದು ಮಾತ್ರ ಸ್ವಲ್ಪ ತಡಾ."

೩. ಕತ್ತರಿ ಹಿಡಿದವರು

ದೀಪಾವಳಿ ಹೋತು, ಯಜಮಾನರು ಉಳದರು. ಝೀನಿಯಾ ತುಂಬಿ ಅರಳಿದವು. ಒಂದಿನ ಮುಂಜಾನೆ ಬಕೆಟ್ಟಿನ ಸಮೇತ ಆಕೀನೇ ಮೆಟ್ಟಿಲ ಮ್ಯಾಲೆ ಕುಸದಳು. ಕೆಳಗ ತರೂದ್ರಾಗ ಮುಗದಿತ್ತು.

ಅವರನ್ನ ಕುರ್ಚಿ ಸಮೇತ ಟೆರೇಸಿಗೆ ಹೊತ್ತು ಒಯ್ದರು. ಕತ್ತರಿ ಹಿಡದು, ಒಂದೊಂದೇ ಹೂ ತಿರುವಿ ನೋಡಿ ಕೊಯ್ದರು.

"ಕಾಕಾ, ಗಾಡಿ ಬಂದು ನಿಂತದ" ಅಂದ ಬಿಲ್ಡಿಂಗಿನ ಸೆಕ್ರೆಟರಿ.

"ನಿಂದ್ರಲಿ. ಬಾಡಿದ್ದೊಂದೂ ಸೇರಬಾರದು."

ಅವತ್ತು ನಾ ಮನಿ ಬಾಗಿಲಾ ಹಾಕಿಕೊಂಡು ಕೂತೆ. ಬಿಲ್ಡಿಂಗಿನಾಗ ಅದೂ ಒಂದು ಸುದ್ದಿ ಆತು.

೪. ಮೊಗ್ಗು

ಈಗ ಆ ಆಸ್ಟರಿಗೆ ನೀರು ಹಾಕೂದು ನನ್ನ ಪಾಲಿಗೆ ಬಂದದ. ಗಿಡ ದಷ್ಟಪುಷ್ಟ, ಹೂ ಮಾತ್ರ ಇಲ್ಲ. ನಿನ್ನೆ ನೆಲಾ ಒರಸಾಕ ಬಗ್ಗಿದರ ಅವರ ಮಂಚದ ಕೆಳಗ ಒಣಗಿದ ಮೊಗ್ಗಿನ ರಾಶಿ. ಮೂಡಿದ ಮೊಗ್ಗೆಲ್ಲಾ ಅವರೇ ಚಿವುಟಿ ಒಗದಿದ್ದರು.

"ಅಣ್ಣಾರ, ಹಿಂಗ ಮಾಡಿದ್ರ ಅರಳೂದು ಯಾವಾಗ?"

ಅವರು ನನ್ನ ಮುಖಾ ನೋಡಿ, "ಯಾಕ್ರೀ ಅಕ್ಕಾರ, ಮೂರನೇ ಮಾಳಿಗಿಯಾಕಿಗೆ ಹೇಳಬೇಕಾಗಿತ್ತೇನು?" ಅಂದರು.