ಬಂಡೆಗೆ ನೇತಾಡಿದ ಕನ್ನಡಾಭಿಮಾನ

ಬಂಡೆ ಹತ್ತುವುದೇನು ಮಹಾ ವಿದ್ಯೆ, ಎರಡು ಕೈ ಎರಡು ಕಾಲು ಇದ್ದರೆ ಸಾಕು ಎಂದು ನಾನು ದೃಢವಾಗಿ ನಂಬಿದ್ದೆ. ಹುಟ್ಟಿದ್ದು ರಾಮನಗರದಲ್ಲಿ ತಾನೆ! ಹನ್ನೆರಡು ವರ್ಷದ ಮಗಳು ಅನನ್ಯಾಳ ಕ್ಲೈಂಬಿಂಗ್ ಕ್ಲಬ್ಬಿನಲ್ಲಿ ಪ್ರತಿ ಮಗುವಿಗೂ ಮನೆಯವರೊಬ್ಬರು ಹತ್ತಲೂ ಹಗ್ಗ ಹಿಡಿಯಲೂ ಜೊತೆಗಾರರಾಗಬೇಕಿತ್ತು. ಅವಳು ನನ್ನ ಹೆಸರು ಬರೆದಳು. ಈಚೆಗೆ ಅವಳು ನನ್ನನ್ನು ಬೇಕು ಎಂದದ್ದು ಇದೊಂದಕ್ಕೇ. ಆ ಜಾಗವನ್ನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು.

ಈ ಪರದೇಶದಲ್ಲಿ ನಾವಿರುವ ಗ್ಲೆನ್ ವೇವರ್ಲಿಯಿಂದ ಮೂರು ಗಂಟೆ ಕಾರು ಓಡಿಸಿ, ಮುಕ್ಕಾಲು ಗಂಟೆ ಹಗ್ಗದ ಚೀಲ ಹೊತ್ತು ಆ ಮರಳುಗಲ್ಲಿನ ಬಂಡೆ ಮುಟ್ಟುವಷ್ಟರಲ್ಲೇ ನನ್ನ ಅರ್ಧ ಜೀವ ಹೋಗಿತ್ತು. ಬಂಡೆಯ ನೆತ್ತಿಯ ಕೊಂಡಿಯಿಂದ ಇಳಿದ ಹಗ್ಗದ ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ಕೆಳಗೆ ನಿಂತ ಹೆಂಡತಿ ಸುಧಾಳ ಕೈಗೆ. ‘ಟೇಕ್’ ಅಂದರೆ ಬಿಗಿ ಹಿಡಿಯಬೇಕು, ‘ಲೋವರ್’ ಅಂದರೆ ಇಳಿಸಬೇಕು ಎಂದ ತರಬೇತುದಾರ.

“ಗಂಡ ಹೆಂಡ್ತಿ ಮಧ್ಯೆ ಇಂಗ್ಲಿಷ್ ಯಾಕೆ? ಹಿಡಿ, ಬಿಡು. ಮುಗೀತು!” ಎಂದು ಸುಧಾಳಿಗೆ ಹೇಳಿ ಹತ್ತತೊಡಗಿದೆ.

ಎಂಟು ಅಡಿ ಏರಿ ಬಂಡೆಗೆ ಅಂಟಿಕೊಂಡು ನಿಂತೆ.

“ರೀ, ತುಂಬಾ ಸುಸ್ತಾಯ್ತಾ?” ಎಂದಳು ಸುಧಾ.

“ಅಯ್ಯೋ, ಬಿಡೇ!”

ಬಿಟ್ಟಳು! ಸರ್ರನೆ ಕೆಳಗಿಳಿದೆ.

“ಯಾಕೆ ಬಿಟ್ಟೆ?”

“ನೀವೇ ಬಿಡು ಅಂದ್ರಲ್ರೀ!”

ಮತ್ತೆ ಹತ್ತಿದೆ. ಅರ್ಧ ದಾರಿಯಲ್ಲಿ ಅವಳ ಪ್ರಶ್ನೆ: “ಕೋಪ ಬಂತಾ?”

“ಅದೆಲ್ಲ ಬಿಡು ಈಗ!”

ಮತ್ತೆ ನೆಲ.

ಮೂರನೇ ಸಲ ಬಾಯಿಗೆ ಬೀಗ ಹಾಕಿಕೊಂಡೆ. ಮೊಣಕಾಲು ತರಚಿತು, ಬೆರಳು ಉರಿಯಿತು, ಈ ಭಾನುವಾರ ಹಾಸಿಗೆಯಲ್ಲಿ ಬಿದ್ದಿರಬಾರದಿತ್ತೇ ಎಂದು ಅಳುವೇ ಬಂತು. ಆದರೂ ಏರಿದೆ. ತುದಿಗೆ ಇನ್ನೊಂದೇ ಮೊಳ!

“ಅಪ್ಪಾ, ಯೂ ಆರ್ ಅಮೇಜಿಂಗ್!” ಎಂದು ಮಗಳು ಕೂಗಿದಳು.

ವರ್ಷಗಳ ಮೇಲೆ ಸಿಕ್ಕ ಹೊಗಳಿಕೆ. ವಿನಯ ಉಕ್ಕಿ ಬಂತು.

“ಅಯ್ಯೋ, ಬಿಡು ಪುಟ್ಟಾ!”

ಇಡೀ ಬಂಡೆಯ ಉದ್ದಕ್ಕೂ ಇಳಿದೆ.

“ಅವಳಿಗೆ ಕಣೇ ಹೇಳಿದ್ದು!” ಎಂದೆ.

“ಹಗ್ಗ ನನ್ನ ಕೈಲಿತ್ತಲ್ರೀ!” ಎಂದಳು.

ಕನ್ನಡ ಬಾರದ ತರಬೇತುದಾರ ಓಡಿಬಂದು ಸುಧಾಳ ಕೈ ಕುಲುಕಿದ. ಮೂರು ಸಲವೂ ಹೇಳಿದ ತಕ್ಷಣ ಇಳಿಸಿದ್ದಾರೆ, ಮಗುವಿನ ಹಗ್ಗ ಹಿಡಿಯಲು ಇಂಥವರೇ ಬೇಕು ಎಂದ. ಮಗಳು ಫಾರ್ಮಿನಲ್ಲಿ ನನ್ನ ಹೆಸರು ಹೊಡೆದುಹಾಕಿ ಅಮ್ಮನ ಹೆಸರು ಬರೆದಳು. ನಾನು ಸೊಂಟದ ಹಗ್ಗ ಬಿಚ್ಚತೊಡಗಿದೆ.

“ಸಾರಿ, ಅಪ್ಪಾ. ಯೂ ಕ್ಯಾನ್ ಡ್ರೈವ್ ಅಸ್, ಓಕೆ?”

ಹೂಂ ಎಂದೆ. ಅಂದು ನಾನು ಬಾಯಿ ಬಿಟ್ಟು ಆಡಿದ್ದರಲ್ಲಿ ಯಾರೂ ತಪ್ಪಾಗಿ ತಿಳಿಯದ ಮಾತು ಅದೊಂದೇ!